ಹೊಸ್ತಿಲಲ್ಲಿ ಹೇಳದೆ ಉಳಿದ ಹೆಸರು

"ಯಾರ್ರಿ ನೀವು?"

ನೀರಿನ ಕೊಡ ಹೊತ್ತು ಬಂದ ಶಿವಕಾಂತಾ ಹೊಸ್ತಿಲ ಹೊರಗೇ ನಿಂತಳು. ಬಾಗಿಲಿಗೆ ಅಡ್ಡಲಾಗಿ ಕೈ ಚಾಚಿದ್ದವನು ಅವಳ ಗಂಡನೇ. ಆ ಕಣ್ಣುಗಳಲ್ಲಿ ಮಾತ್ರ ಅವಳ ಗುರುತಿರಲಿಲ್ಲ...

"ನಿಮ್ಮ ಹೆಣ್ತಿ ಅದೀನ್ರಿ. ಒಳಗ ಬಿಡ್ರಿ, ಕೊಡ ಭಾರ ಆಗ್ಯಾದ."

"ನಂದಿನ್ನಾ ಲಗ್ನಾನೇ ಆಗಿಲ್ಲ," ಎಂದ, ನರೆತ ಮೀಸೆಯ ಮುದುಕ. "ಸರೀರಿ, ಔರಾದಿಗಿ ಹೋಗ್ಬೇಕು. ಅಲ್ಲಿ ಒಬ್ಬಾಕಿ ಅದಾಳ."

ಔರಾದ? ಶಿವಕಾಂತಾಳ ತವರು ಭಾಲ್ಕಿ!

ಮೊನ್ನೆಯಷ್ಟೇ ಹಕೀಮ ಅಬ್ದುಲ ಗಫೂರ ಗಂಡನ ನಾಡಿ ಹಿಡಿದು ಹೇಳಿದ್ದ: "ವಯಸ್ಸಾದಂಗ ದಿಮಾಗ ಸವೀತದಮ್ಮಾ. ಹೊಸಾದು ಮೊದ್ಲ ಹೋಗ್ತದ. ಹಳೇದು ಗಟ್ಟಿ ಉಳೀತದ."

ಹಾಗಾದರೆ ಗಟ್ಟಿಯಾಗಿ ಉಳಿದವಳು ಬೇರೊಬ್ಬಳೇ? ಇಷ್ಟು ವರ್ಷ ಬಾಳಿದ ನಾನು ಬರೀ ಹಿರಿಯರು ಕಟ್ಟಿದ ಗಂಟೇ?

ಕೊಡ ಇಳಿಸಿ ಕಟ್ಟೆಯ ಮೇಲೆ ಕೂತಳು. ಕೇಳಬಾರದೆಂದುಕೊಂಡರೂ ಬಾಯಿ ಕೇಳಿಯೇಬಿಟ್ಟಿತು.

"ಭಾಳ ಚೆಂದ ಅದಾಳೇನ್ರಿ?"

"ಜಗಳಗಂಟಿ ಅದಾಳ," ಅವನ ಮುಖ ಅರಳಿತು. "ಹೊಲದಾಗ ಕಡ್ಲಿ ಕೀಳ್ತಿದ್ಳು. ಹಿಮ್ಮಡಕ ಜಾಲಿಮುಳ್ಳು ಹೊಕ್ತು. ಅಳ್ಲಿಲ್ಲ ನೋಡ್ರಿ, ಮುಳ್ಳಿಗೇ ಬೈದ್ಳು! ನಾ ಬದುವಿನ ಮ್ಯಾಲ ನಿಂತು ನಕ್ಕೆ. ನಂಗೂ ಬೈದ್ಳು."

ಔರಾದ... ಶಿವಕಾಂತಾಳ ಸೋದರಮಾವನ ಹೊಲ... ಬದುವಿನ ಮೇಲೆ ನಕ್ಕ ಯಾರೋ ದಾರಿಹೋಕ!

"ಅಕೀ ಊರು ಭಾಲ್ಕಿ ಅಂತ. ಅಪ್ಪಗ ಹೇಳೀನಿ, ಮಾಡ್ಕೊಂಡ್ರ ಅಕೀನ್ನೇ."

ಅವಳ ಕೈ ತಾನಾಗಿ ಹಿಮ್ಮಡದ ಹಳೆಯ ಕಲೆಗೆ ಹೋಯಿತು. ಮದುವೆ ಹಿರಿಯರು ಗೊತ್ತು ಮಾಡಿದ್ದೆಂದೇ ನಂಬಿ ಬಾಳಿದ್ದಳು. ಈ ಮನುಷ್ಯ ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲವಲ್ಲ!

ಬೀದರಿನ ಈ ಮನೆಗೆ ಅವಳು ಮದುಮಗಳಾಗಿ ಬಂದ ದಿನವೂ ಬಾಗಿಲು ಹೀಗೇ ಅಡ್ಡವಾಗಿತ್ತು. ಪ್ರಾಸದ ಒಡಪು ಕಟ್ಟಿ ಗಂಡನ ಹೆಸರು ಹೇಳಿದರಷ್ಟೇ ಒಳಗೆ ಎಂದು ನಾದಿನಿಯರು ಹಟ ಹಿಡಿದಿದ್ದರು. ಅವಳ ನಾಲಿಗೆ ಏಳಲಿಲ್ಲ. "ಬಿಡ್ರೆ, ಎಂದಾದ್ರೂ ಒಂದಿನ ಹೇಳ್ತಾಳ," ಎಂದು ಒಳಗೆ ಕರೆದುಕೊಂಡವನು ಇವನೇ. ಆಮೇಲೆ ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಗಂಡನ ಹೆಸರು ಹೇಳುವುದುಂಟೇ?

ಶಿವಕಾಂತಾ ಎದ್ದು ಸೆರಗು ತಲೆಗೆ ಹೊದ್ದಳು.

"ಔರಾದದ ಹೊಲದಾಗ ಕಡ್ಲಿಗಿಡ ಹಸರ,
ಬಾಗಿಲಾ ಬಿಡ್ರಿ, ಮನ್ಮಥಪ್ಪ ನನ್ನ ಗಂಡನ ಹೆಸರ."

ಅಡ್ಡಗಟ್ಟಿದ್ದ ಅವನ ಕೈ ಮೆಲ್ಲಗೆ ಇಳಿಯಿತು.

"ಎಷ್ಟು ತಡಾ ಮಾಡ್ದಿ..." ಎಂದ. ಮಾತಿನಲ್ಲಿ ಈಗ 'ರಿ' ಇರಲಿಲ್ಲ. "ಬಾ ಒಳಗ."

ನಾಳೆ ಮತ್ತೆ ಮರೆಯಬಹುದು. ಮರೆಯಲಿ. ಮತ್ತೆ ಹೇಳಿದರಾಯಿತು.

ಅವನು ಬಗ್ಗಿ ಅವಳ ಪಾದ ನೋಡಿದ.

"ಮುಳ್ಳು ಇನ್ನಾ ನೋಯ್ತದೇನು?"

"ಈಗ ಹೋಯ್ತು ನೋಡ್ರಿ," ಎಂದಳು ಶಿವಕಾಂತಾ, ಹೊಸ್ತಿಲು ದಾಟುತ್ತಾ.