ಎಳೆದ ಪರದೆ, ಸುಟ್ಟ ಹುಲ್ಲು

ಇದನ್ನು ಬರೆಯುವ ಯೋಗ್ಯತೆ ನನಗಿದೆಯೋ ಇಲ್ಲವೋ, ತಪ್ಪಿದ್ದರೆ ಕ್ಷಮಿಸಿ. ಸಂಜೆ ತರಗತಿಯಲ್ಲಿ ಓದಿದ ನರ್ಸ್ ನಾನು. ಕಥೆ ಹೇಳಿ ಅಭ್ಯಾಸವಿಲ್ಲ. ಆದರೆ ಆ ಮಧ್ಯಾಹ್ನದ ಗಾಬರಿ ಎದೆಯಿಂದ ಇನ್ನೂ ಇಳಿದಿಲ್ಲ.

ಅಂದು ನನಗೆ ರಜೆ. ಆಸ್ಪತ್ರೆಯ ಕ್ವಾರ್ಟರ್ಸ್ ಮುಂದಿನ ಲಾನ್‌ನಲ್ಲಿ ಮಾಲಿ ನೆತ್ತಿ ಸುಡುವ ಬಿಸಿಲಲ್ಲಿ ಮಷೀನ್ ತಳ್ಳುತ್ತಿದ್ದ. ಹುಲ್ಲೆಲ್ಲ ಸುಟ್ಟು ಕಂದು ಬಣ್ಣಕ್ಕೆ ತಿರುಗಿತ್ತು. ನಾಳೆಯಿಂದ ಬೇರೆಯವನನ್ನು ಇಟ್ಟುಕೊಳ್ಳುತ್ತೇನೆಂದು ಸೂಪರ್‌ವೈಸರ್ ಬೆಳಿಗ್ಗೆಯೇ ಕೂಗಾಡಿದ್ದರು. ತಡೆಯಲಾರದೆ ಹೊರಗೆ ಬಂದೆ.

“ಈ ಬಿಸಿಲಲ್ಲಿ ಯಾರಾದ್ರೂ ಹುಲ್ಲು ಕತ್ತರಿಸ್ತಾರಾ? ಇಬ್ಬನಿ ಆರಿದ ಮೇಲೆ, ಬಿಸಿಲು ಏರೋಕೆ ಮುಂಚೆ ಅಲ್ವಾ?”

“ಗೊತ್ತು ಸಿಸ್ಟರ್.”

“ಗೊತ್ತಿದ್ದೂ?”

ಅವನು ಟವೆಲ್‌ನಿಂದ ಮುಖ ಒರೆಸಿಕೊಂಡ. ಒರೆಸಿ ಮುಗಿದರೂ ಟವೆಲ್ ಇಳಿಸಲಿಲ್ಲ.

“ಆ ಹೊತ್ತಲ್ಲಿ ನೀವು ಮಲಗಿರ್ತೀರಲ್ಲ, ನೈಟ್ ಡ್ಯೂಟಿ ಮುಗಿಸಿ. ಪರದೆ ಎಳೆದಿರುತ್ತೆ. ಈ ಸದ್ದಿಗೆ ಹೆಣವೂ ಎದ್ದು ಕೂರುತ್ತೆ. ಸಂಜೆ ರೋಗಿಗಳು ವಾಕಿಂಗ್ ಬರ್ತಾರೆ. ಉಳಿದಿದ್ದು ಮಧ್ಯಾಹ್ನ.”

ಡೇ ಡ್ಯೂಟಿಗೆ ಬದಲಾಗಿ ನನಗೆ ಎರಡು ತಿಂಗಳಾಗಿತ್ತು. ಬಿಸಿಲಿಗೆ ಕೋಣೆ ಕಾಯದಿರಲಿ ಎಂದು ಪರದೆ ಎಳೆದು ಹೋಗುತ್ತಿದ್ದೆ, ಅಷ್ಟೆ.

ಹಾಗೆಂದು ಹೇಳಿದೆ. ಟವೆಲ್ ಅವನ ಕೈಯಿಂದ ಜಾರಿ ಬಿತ್ತು.

“ಹಾಗಾದ್ರೆ ಇಷ್ಟು ದಿನ ಒಳಗೆ ಮಲಗಿದ್ದು ಯಾರು?”

“ದಿಂಬು.”

ನಗಬೇಕೋ ಅಳಬೇಕೋ ತಿಳಿಯದೆ ಇಬ್ಬರೂ ಆ ಕಂದು ಹುಲ್ಲನ್ನೇ ನೋಡಿದೆವು.

“ಕೆಲಸ ಹೋದ್ರೆ?” ಎಂದೆ.

“ಹೋಗ್ಲಿ ಬಿಡಿ. ನಿಮ್ಮ ನಿದ್ದೆಗೆ ಅಂತ ಮಾಡಿದ್ದು. ಇನ್ನೊಂದ್ಸಲ ಆದ್ರೂ ಇದನ್ನೇ ಮಾಡ್ತೀನಿ ಸಿಸ್ಟರ್.”

“ಇಷ್ಟೆಲ್ಲ ಮಾಡಿ, ಸಿಸ್ಟರ್ ಅಂತ ಮಾತ್ರ ಕರೀಬೇಡಿ.”

ನನ್ನ ಮಾತಿಗೆ ನಾನೇ ಬೆಚ್ಚಿಬಿದ್ದೆ. ಅವನ ಕಿವಿ ಕೆಂಪಾಯಿತು, ಬಿಸಿಲಿಗಲ್ಲ.

ಅವನನ್ನು ಕರೆದುಕೊಂಡು ನೇರ ಸೂಪರ್‌ವೈಸರ್ ಬಳಿ ಹೋದೆ. ತಪ್ಪೆಲ್ಲ ನನ್ನ ಪರದೆಯದು ಎಂದೆ. ಅವರು ನನ್ನನ್ನೊಮ್ಮೆ, ಅವನನ್ನೊಮ್ಮೆ ನೋಡಿದರು.

“ಒಂದು ತಿಂಗಳು ನೋಡ್ತೀನಿ. ಹುಲ್ಲು ಹಸಿರಾಗ್ಬೇಕು. ಉಳಿದಿದ್ದು ನೀವಿಬ್ರೇ ಇತ್ಯರ್ಥ ಮಾಡ್ಕೊಳ್ಳಿ.”

ಮುಂದಿನ ರಜೆಯ ದಿನ, ಇಬ್ಬನಿ ಆರುವ ಹೊತ್ತಿಗೆ ಮಷೀನ್ ಸದ್ದು ಶುರುವಾಯಿತು. ಹತ್ತಿರ ಹತ್ತಿರ ಬಂದು, ಸರಿಯಾಗಿ ನನ್ನ ಕಿಟಕಿಯ ಕೆಳಗೆ ನಿಂತುಬಿಟ್ಟಿತು. ಪರದೆ ಸರಿಸಿದೆ. ಅವನು ತಲೆಯೆತ್ತಿದ.

“ಎಬ್ಬಿಸಿಬಿಟ್ನಾ?”

“ಹೂಂ. ಇನ್ಮೇಲೆ ದಿನಾ ಎಬ್ಬಿಸಿ.”

ಹುಲ್ಲು ಹಸಿರಾಯಿತು. ನಮ್ಮ ಮದುವೆಯೂ ಆಯಿತು. ಆದರೆ ಅಂದು ಮಷೀನ್ ಪೆಟ್ರೋಲ್ ಮುಗಿದು ನಿಂತಿತೋ, ಅವನೇ ನಿಲ್ಲಿಸಿದನೋ? ಕೇಳಿದಾಗಲೆಲ್ಲ ಟವೆಲ್‌ನಿಂದ ಮುಖ ಒರೆಸಿಕೊಳ್ಳುತ್ತಾನೆ. ನನಗೆ ಇಂದಿಗೂ ಗೊತ್ತಿಲ್ಲ.