ಪರದೆಯಾಚೆಯ ಮಾವ

"ಶ್! ಉಸಿರೆತ್ತಬ್ಯಾಡಿ!"

ನಯನಾ ಗಬಕ್ಕನೆ ಮುನಿಕೃಷ್ಣನ ಕೈ ಹಿಡಿದುಕೊಂಡಳು. ಮೂರು ವಾರದ ಪರಿಚಯದಲ್ಲಿ ಅವಳು ಅವನನ್ನು ಮುಟ್ಟಿದ್ದು ಇದೇ ಮೊದಲು. ಅದೂ ಪ್ರೀತಿಗಲ್ಲ, ಭಯಕ್ಕೆ!

ನಯನಾ ಉಯ್ಯಂಬಳ್ಳಿಯ ಹುಡುಗಿ. ಚನ್ನಪಟ್ಟಣದ ಗೊಂಬೆ ಕಾರ್ಖಾನೆಗೆ ಸೇರಿದ ಮೊದಲ ದಿನವೇ, ಜೋಡಿಸಿಟ್ಟ ಗೊಂಬೆಗಳ ಮೇಲೆ ಮರದ ಪುಡಿ ಹಾರಿಸಿದ ಅಂತ, ಅಲ್ಲೇ ಮರ ಕಡೆಯುವ ಇವನ ಜೊತೆ ಜಗಳಕ್ಕೆ ನಿಂತವಳು. ಆ ಜಗಳ ಯಾವಾಗ ನಗುವಾಯಿತೋ ಇಬ್ಬರಿಗೂ ಗೊತ್ತಿಲ್ಲ. ಇವತ್ತು ಅವನು "ಊರು ತೋರಿಸ್ತೀನಿ, ಏನ್ ನೋಡ್ಬೇಕು ಹೇಳಿ" ಅಂದಾಗ ಈ ಗಟ್ಟಿಗಿತ್ತಿ ಏನಂದಳು ಗೊತ್ತೇ?

"ಬಾರ್ ಒಳಗೆ ಹೆಂಗಿರ್ತದೆ ಅಂತ ನೋಡ್ಬೇಕು ಕಣ್ರೀ!"

ಚುರುಮುರಿ ಗಾಡಿ ಆಯಿತು, ಹೊಸ ಬಿರಿಯಾನಿ ಹೋಟೆಲಿನ ಘಮಘಮ ಬೀದಿಯಲ್ಲೇ ಮೂಗಿಗಾಯಿತು. ಕೊನೆಗೆ ಹೆದ್ದಾರಿ ಪಕ್ಕದ ಬಾರ್ ಅಂಡ್ ಫ್ಯಾಮಿಲಿ ರೆಸ್ಟೋರೆಂಟ್. ಪರದೆ ಎಳೆದ ಪುಟ್ಟ ಫ್ಯಾಮಿಲಿ ರೂಮು. ಶ್ರಾವಣ ಶನಿವಾರ ಅಂತ ಬರೀ ಗೋಬಿ ಮಂಚೂರಿ, ಲೈಮ್ ಸೋಡಾ.

ಅಷ್ಟರಲ್ಲೇ ಪರದೆಯ ಆಚೆ ಕುರ್ಚಿ ಎಳೆದ ಸದ್ದು, ಗಂಡಸಿನ ದೊಡ್ಡ ದನಿ. ಆ ದನಿ ಕೇಳಿ ಅವಳ ಜೀವ ಬಾಯಿಗೆ ಬಂದಿತ್ತು.

"ನಮ್ಮ ಮಾವ..." ಎಂದು ಪಿಸುಗುಟ್ಟಿದಳು.

ಮುನಿಕೃಷ್ಣನ ಮುಖ ಬಿಳುಚಿಕೊಂಡಿತು.

ಆಚೆ ಮಾವ ಬೋರಲಿಂಗಯ್ಯ ಜೊತೆಗಾರನಿಗೆ ಹೇಳುತ್ತಿದ್ದ. "ನಯನಾ ಈ ಊರಲ್ಲೇ ಅವ್ಳೆ ಕಣ್ಲಾ. ನಮ್ಮನೆ ಮಾನ ಅವ್ಳು. ನಾನೇ ಜವಾಬ್ದಾರಿ ಅಂತ ಕಳ್ಸಿವ್ನಿ. ಒಸಿ ಎಡವ್ಲಿ, ಅವತ್ತೇ ಬಸ್ ಹತ್ತಿಸ್ಕೊಂಡ್ ಹೋಯ್ತೀನಿ!"

ರೂಮಿಗೆ ಕಿಟಕಿಯಿಲ್ಲ. ಇರುವ ಒಂದೇ ದಾರಿ ಮಾವನ ಕುರ್ಚಿಯ ಪಕ್ಕದಲ್ಲೇ! ಇಲಿ ಬೋನಿಗೆ ಬಿದ್ದಂತಾಯಿತು. ಗೊಂಬೆಗೆ ಬಣ್ಣ ಹಚ್ಚುವ ಕೆಲಸ, ತನ್ನದೇ ಸಂಬಳ, ಈ ಹುಡುಗ... ಎಲ್ಲ ಇವತ್ತಿಗೆ ಮುಗಿಯಿತಾ?

ಅರ್ಧ ಗಂಟೆ ಕಳೆಯಿತು. ಮಂಚೂರಿ ತಣ್ಣಗಾಯಿತು. ಮಾವ ಏಳುವ ಲಕ್ಷಣವೇ ಇಲ್ಲ. ಇವನಾದರೂ ಒಂದು ಮಾತು ಧೈರ್ಯ ಹೇಳಬಾರದೇ?

"ಮೊದ್ಲೇ ಹೇಳ್ಬೋದಿತ್ತು ನೀವು," ಅಂದ ಕೊನೆಗೆ.

"ಏನ್ ಹೇಳೋದು? ಅವ್ರು ಬತ್ತಾರೆ ಅಂತ ನಂಗೇನ್ ಕನಸ್ ಬಿದ್ದಿತ್ತಾ?"

ಅವನು ಜೇಬಿನಿಂದ ಕೆಂಪು ಅರಗು ಬಳಿದ ಮರದ ಪುಟ್ಟ ಕುಂಕುಮದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ತಾನೇ ಕಡೆದದ್ದು.

"ಇವತ್ತು ಒಂದು ಮಾತು ಕೇಳ್ಬೇಕು ಅಂತಿದ್ದೆ. ಇರ್ಲಿ ಬಿಡಿ. ಯಾರ ಮನೆ ಸೇರಿದ್ರೂ ಇದನ್ನ ನೀವೇ ಇಟ್ಕೊಳಿ. ನನ್ನ ಗುರುತು ಅವ್ರಿಗಿಲ್ಲ, ನಾನು ಹೊರಡ್ತೀನಿ. ಅವ್ರು ಎದ್ದ್ ಹೋದ್ಮೇಲೆ ನೀವು ಬನ್ನಿ."

ಪರದೆಯ ಸಂದಿನಲ್ಲಿ ನುಸುಳಿ ಹೊರಟೇಬಿಟ್ಟ.

ಹೇಡಿ! ನಯನಾಳ ಕಣ್ಣು ತುಂಬಿ ಬಂತು. ಆದರೆ... ಯಾರ ಮನೆ ಸೇರಿದ್ರೂ? ಯಾರ ಮನೆ?

ಅಯ್ಯೋ ದೇವರೇ! ಅವ್ವನ ತಮ್ಮನೂ ಮಾವನೇ, ಗಂಡನ ಅಪ್ಪನೂ ಮಾವನೇ! ನನಗೆ ಮದುವೆ ಆಗಿದೆ ಅಂದ್ಕೊಂಡ್ಬುಟ್ಟ!

ಈಗ ಕೂಗಿದರೆ ಕೆಲಸ ಹೋಗುತ್ತೆ. ಸುಮ್ಮನಿದ್ದರೆ ಇವನು ಹೋಗುತ್ತಾನೆ. ಸೋಮವಾರ ಕಾರ್ಖಾನೆಯಲ್ಲಿ ತಲೆಯೆತ್ತಿಯೂ ನೋಡಲ್ಲ. ಅದನ್ನು ಮಾತ್ರ ತಡೆಯಲಾರೆ!

ಡಬ್ಬಿಯನ್ನು ಮುಷ್ಟಿಯಲ್ಲಿ ಹಿಡಿದು ಪರದೆಯನ್ನು ಸರ್ರನೆ ಎಳೆದಳು.

"ರೀ, ನಿಂತ್ಕೊಳಿ! ಇವ್ರು ನಮ್ಮವ್ವನ ತಮ್ಮ! ನನ್ನ ಸೋದರಮಾವ! ನಂಗೆ ಮದ್ವೆ ಗಿದ್ವೆ ಏನೂ ಆಗಿಲ್ಲ!"

ಇಡೀ ಬಾರು ತಿರುಗಿ ನೋಡಿತು. ಮುನಿಕೃಷ್ಣ ಬಾಗಿಲಲ್ಲೇ ನಿಂತ. ಬೋರಲಿಂಗಯ್ಯನ ಒಂದು ಕೈಯಲ್ಲಿ ಗ್ಲಾಸು, ಇನ್ನೊಂದರಲ್ಲಿ ಕೋಳಿ ಕಬಾಬು.

"ನಯನಾ! ಇಲ್ಲೇನ್ ಮಾಡ್ತಿದ್ದೀಯೆ?"

ಅವಳು ನಿಂತಲ್ಲಿಂದ ಅಲ್ಲಾಡಲಿಲ್ಲ.

"ಊರು ನೋಡಕೆ ಬಂದೆ, ಇವ್ರ ಜೊತೆ. ಸೋಡಾ ಕುಡ್ದೆ. ಬಸ್ ಹತ್ತಿಸ್ತೀರಾ, ಹತ್ಸಿ ಮಾವ. ನಾನೂ ಇಲ್ಲಿ ನೋಡಿದ್ದನ್ನೆಲ್ಲ ಅತ್ತೆಗೆ ಹೇಳ್ತೀನಿ. ಶ್ರಾವಣ ಶನಿವಾರ ಅಲ್ವಾ ಇವತ್ತು?"

ಬೋರಲಿಂಗಯ್ಯನ ಹಣೆಯಲ್ಲಿ ಬೆಳಿಗ್ಗೆ ಹೆಂಡತಿ ಇಟ್ಟು ಕಳಿಸಿದ ನಾಮ ಇನ್ನೂ ಹಾಗೇ ಇತ್ತು! ಅವನು ಮೆಲ್ಲಗೆ ಕಬಾಬನ್ನು ತಟ್ಟೆಗೆ ಹಾಕಿದ.

"ಹೇಳ್ಗೀಳ್ಬುಟ್ಟೀಯ ಕಣವ್ವಾ..." ಆಮೇಲೆ ಬಾಗಿಲ ಕಡೆ ತಿರುಗಿದ. "ಯಾವೂರಪ್ಪ ನಿಂದು?"

"ಹೊಂಗನೂರು."

"ಹುಡ್ಗೀನ ಬುಟ್ಟು ಓಡೋಯ್ತಿದ್ಯಲ್ಲ?"

"ಅವ್ರಿಗೆ ಮದ್ವೆ ಆಗೈತೆ ಅಂದ್ಕೊಂಡೆ. ನನ್ನಿಂದ ಅವ್ರ ಸಂಸಾರ ಕೆಡ್ಬಾರ್ದು ಅಂತ..." ಮುನಿಕೃಷ್ಣ ತಲೆ ತಗ್ಗಿಸಿದ.

ಬೋರಲಿಂಗಯ್ಯ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಶ್ರಾವಣ ಕಳೀಲಿ. ದೊಡ್ಡೋರ್ನ ಕರ್ಕೊಂಡು ಉಯ್ಯಂಬಳ್ಳಿಗೆ ಬಾ. ಇಲ್ಲಿ ನೋಡಿದ್ದು ಇಲ್ಲೇ. ಈಗ ಅವ್ಳನ್ನ ಜೋಪಾನವಾಗಿ ಅವ್ಳ ಬಾಡಿಗೆ ರೂಮಿಗೆ ಬುಡು!"

ಹೊರಗೆ ತಂಪು ಗಾಳಿ. ನಯನಾ ಎದೆ ತುಂಬ ಉಸಿರೆಳೆದುಕೊಂಡಳು. ಅಳುವೋ ನಗುವೋ, ಎರಡೂ ಒಟ್ಟಿಗೇ ಬಂತು.

"ಡಬ್ಬೀಲಿ ಕುಂಕುಮಾನೇ ಇಲ್ವಲ್ರೀ?"

"ನೀವು ಒಪ್ಪಿದ್ಮೇಲೆ ತುಂಬ್ಸೋಣ ಅಂತಿದ್ದೆ... ಒಪ್ತೀರಾ?"

"ಬಾರ್ ತುಂಬಾ ಕೇಳೋ ಹಂಗೆ ಕೂಗಿದ್ನಲ್ಲ, ಸಾಲ್ದಾ?"

ಅವನು ನಕ್ಕ. ಆಮೇಲೆ ಮೆಲ್ಲಗೆ ಕೇಳಿದ, "ಇನ್ಮೇಲೆ ಅವ್ರನ್ನ ನಾನು ಏನಂತ ಕರೀಲಿ?"

"ಮಾವ ಅನ್ನು," ಅಂದಳು, ಮೊದಲ ಸಲ ಏಕವಚನದಲ್ಲಿ. "ಈ ಸಲ ಸರಿಯಾಗಿ ಅರ್ಥ ಮಾಡ್ಕೊ."