ತಂದೆಯ ಗುರುತಿಲ್ಲದ ಎಳೆ

ಯಲಹಂಕದ ಆ ಡಿಎನ್‌ಎ ಪ್ರಯೋಗಾಲಯಕ್ಕೆ ಶೆಟ್ಟಿಹಳ್ಳಿಯ ರಾಮಕೃಷ್ಣಪ್ಪ ಬಂದಾಗ ಅವರ ಎಡತೋಳಿನಲ್ಲಿ ಹತ್ತು ತಿಂಗಳ ಮೊಮ್ಮಗನಿದ್ದ. ಬಲಗೈ ಮಗುವಿನ ತಲೆಯ ಕೆಳಗೆ. ಕತ್ತು ನಿಲ್ಲುತ್ತಿರಲಿಲ್ಲ.

"ಮಗಳು ಬಸುರಿಯಾಗೋಕ್ ಮುಂಚೆ ಇಲ್ಲೇ ಟೆಸ್ಟ್ ಮಾಡಿಸಿದ್ವಿ. ದೋಷ ಅಳಿಯಂಗೆ ಐತೆ, ಮೋನಿಕಾಗಿಲ್ಲ, ಇಬ್ರಿಗೂ ಇದ್ರೆ ಮಾತ್ರ ಭಯ ಅಂದ್ರಿ. ಈಗ ನೋಡಿದ್ರೆ ಇಂಗೆ! ಯಾರ್ದು ಮೇಡಂ ತಪ್ಪು?" ಎಂದು ಅವರು ವಿಭಾಗದ ಮುಖ್ಯಸ್ಥೆ ರಾಧಾಮಣಿಯವರನ್ನು ಕೇಳಿದರು.

ಪಕ್ಕದ ಮೇಜಿನಲ್ಲಿ ಟ್ಯೂಬ್ ಜೋಡಿಸುತ್ತಿದ್ದ ತಂತ್ರಜ್ಞ ಮುಕ್ತಾರ್ ತಲೆಯೆತ್ತಿದ. ಆ ಪರೀಕ್ಷೆ ಮಾಡಿದವನು ಅವನೇ.

"ಟ್ಯೂಬ್ ಅದಲುಬದಲು ಮಾಡಿದ್ಯೇನೋ?" ಮ್ಯಾನೇಜರ್ ಶರತ್ ಗದರಿದ. "ಶುಕ್ರವಾರದೊಳಗೆ ಗೊತ್ತಾಗ್ಬೇಕು. ಇಲ್ಲಾಂದ್ರೆ ನೀನು ಮನೆಗೆ."

ಅಂದು ತಾನು ಕೇಳಿದ್ದ ಒಂದು ಪ್ರಶ್ನೆ ಮುಕ್ತಾರ್‌ನ ನಾಲಿಗೆಯ ತುದಿಗೆ ಬಂತು. ರಾಧಾಮಣಿಯವರ ಮುಖ ನೋಡಿ ನುಂಗಿಕೊಂಡ. ಇಪ್ಪತ್ತು ವರ್ಷಗಳಿಂದ ಅಲ್ಲಿನ ಯಾವ ತಪ್ಪೂ ಅವರ ಕಣ್ಣು ತಪ್ಪಿಸಿರಲಿಲ್ಲ.

"ಫ್ರೀಜರ್‌ನಿಂದ ಹಳೇ ಟ್ಯೂಬ್ ತೆಗಿ," ಎಂದರು ಅವರು. "ಮೋನಿಕಾ, ಅವರಪ್ಪ, ಅಮ್ಮ, ಮೂರೂ ಜನರ ಹೊಸ ರಕ್ತಾನೂ ತಗೋ."

ಶುಕ್ರವಾರ ಎಲ್ಲರೂ ಸೇರಿದರು. ರಾಮಕೃಷ್ಣಪ್ಪ ಮೊಮ್ಮಗನನ್ನು ಎತ್ತಿಕೊಂಡೇ ಬಂದಿದ್ದರು.

"ಹಳೇ ಟ್ಯೂಬು ಮೋನಿಕಾದೇ," ಎಂದರು ರಾಧಾಮಣಿ. "ಹೊಸ ರಕ್ತದ ಜೊತೆ ಹದಿನೈದು ಗುರುತುಗಳೂ ಹೊಂದಿವೆ. ಅದೇ ಪರೀಕ್ಷೆ ನಾನೇ ಮತ್ತೆ ಮಾಡ್ದೆ. ಆಗ್ಲೂ ದೋಷ ಕಾಣಲಿಲ್ಲ. ಅಂದ್ರೆ ಮುಕ್ತಾರ್ ಕೈ ತಪ್ಪಿಲ್ಲ. ಆದ್ರೆ ಒಂದು ವಿಚಿತ್ರ. ಬೇರೆಲ್ಲಾ ಕಡೆ ಮೋನಿಕಾಗೆ ಅಪ್ಪಂದು ಒಂದು ಎಳೆ, ಅಮ್ಮಂದು ಒಂದು ಎಳೆ. ದೋಷ ಹುಡುಕೋ ಈ ಒಂದು ಜಾಗದಲ್ಲಿ ಅಮ್ಮನ ಗುರುತು ಮಾತ್ರ."

"ಅಂಗಾದ್ರೆ ನನ್ ಎಳೆ ಎಲ್ಲೋಯ್ತು?" ರಾಮಕೃಷ್ಣಪ್ಪ ಕೇಳಿದರು.

"ಇತ್ತು. ನಮಗೆ ಕಾಣಲಿಲ್ಲ. ಎಳೆಯ ನಕಲು ತೆಗೆಯೋಕೆ ಮೊದಲು ಪ್ರೈಮರ್ ಅನ್ನೋ ಸಣ್ಣ ತುಣುಕು ಅದಕ್ಕೆ ಅಂಟ್ಕೋಬೇಕು. ನೀವು ಮಗಳಿಗೆ ಕೊಟ್ಟ ಎಳೆಯಲ್ಲಿ ಸರಿಯಾಗಿ ಆ ಜಾಗದಲ್ಲೇ ಒಂದಕ್ಷರ ಬೇರೆ. ಅಂಟಲಿಲ್ಲ. ನಕಲಾಗಿದ್ದು ಅಮ್ಮನ ಎಳೆ ಮಾತ್ರ. ನಿನ್ನೆ ಬೇರೆ ಪ್ರೈಮರ್ ಹಾಕಿ ಓದಿಸ್ದೆ. ದೋಷ ನಿಮ್ಮ ಆ ಎಳೆಯಲ್ಲೇ ಇತ್ತು."

ಶರತ್ ಉಸಿರು ಬಿಟ್ಟ. "ಹಾಗಾದ್ರೆ ಯಾರ ತಪ್ಪೂ ಇಲ್ಲ ಅನ್ನಿ."

"ಇದೆ. ಇನ್ನೊಂದು ಪ್ರೈಮರ್‌ನಲ್ಲೂ ನೋಡೋಣ್ವಾ ಮೇಡಂ ಅಂತ ಅವತ್ತೇ ಇವನು ಕೇಳಿದ್ದ. ಬೇಡ ಅಂದೋಳು ನಾನು. ಆ ಪ್ರೈಮರ್ ಆರಿಸಿದ್ದೂ ನಾನೇ."

"ನಾನೇ ಹಟ ಮಾಡ್ಬೇಕಿತ್ತು, ಮೇಡಂ," ಎಂದ ಮುಕ್ತಾರ್.

"ಸುಮ್ನಿರೋ."

ರಾಧಾಮಣಿ ಎದ್ದು ರಾಮಕೃಷ್ಣಪ್ಪನವರ ಮುಂದೆ ನಿಂತು ಕೈಮುಗಿದರು. ರಾಮಕೃಷ್ಣಪ್ಪ ಬೈಯಲಿಲ್ಲ, ತಿರುಗಿ ಕೈಮುಗಿಯಲೂ ಇಲ್ಲ. ಒಂದು ಕೈ ಮಗುವನ್ನು ಹಿಡಿದಿತ್ತು. ಇನ್ನೊಂದನ್ನು ಆ ಪುಟ್ಟ ತಲೆಯ ಕೆಳಗಿಂದ ತೆಗೆಯುವಂತಿರಲಿಲ್ಲ.